ಕಿಟಕಿಯಿಂದ ಬಿದ್ದ ಟವೆಲ್

ನಿನ್ನೆ ರಾತ್ರಿ ಹನ್ನೊಂದಕ್ಕೆ ಕುಂಸಿಯಲ್ಲಿ ಕರೆಂಟ್ ಹೋಯಿತು. ನಿದ್ದೆ ಬಾರದೆ ಮೊಬೈಲಿನಲ್ಲೇ ಬೆಂಗಳೂರಿನ ಕಂಪ್ಯೂಟರ್ ಕ್ಲಸ್ಟರಿಗೆ ಲಾಗಿನ್ ಆಗಿ ನೋಡುತ್ತೇನೆ, ಎರಡು ದಿನದಿಂದ ಸಾಲಿನ ಬಾಲದಲ್ಲಿದ್ದ ನನ್ನ ಜಾಬು ಓಡುತ್ತಿದೆ! 60 ನೋಡ್, ಅಂದರೆ ಕ್ಲಸ್ಟರಿನೊಳಗಿನ 60 ಕಂಪ್ಯೂಟರ್, ಕೇಳಿ ಕೂತ ದೊಡ್ಡ ಕುಳ ಇನ್ನೂ ಮುಂದೆಯೇ ಇತ್ತು. ಅದಕ್ಕೆ ಜಾಗ ಕೂಡಿಬರುವ ತನಕ ನಾಲ್ಕು ನೋಡ್ ಮೂರು ಮುಕ್ಕಾಲು ಗಂಟೆ ಖಾಲಿ. ನಾನು ಕೇಳಿದ್ದು ಮೂರೂವರೆ. ಸಂದಿಯಲ್ಲಿ ನುಸುಳಿದ್ದೆ. 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಡೇವಿಡ್ ಲಿಫ್ಕಾ ಈ ಬ್ಯಾಕ್‌ಫಿಲ್ ಉಪಾಯ ಬರೆದರಲ್ಲ, ಅವರಿಗೊಂದು ಕಾಫಿ ಬಾಕಿಯಿದೆ.

ಉಪಾಯ ಅವರದಾದರೂ ಕೈಚಳಕ ನನ್ನದು. ಶರಾವತಿ ಕಣಿವೆಯ ಮಳೆಯ ಮಾದರಿ ಒಟ್ಟು 40 ಗಂಟೆ ತಿನ್ನುತ್ತದೆ. ಹಲಸಿನ ಹಣ್ಣನ್ನು ಯಾರಾದರೂ ಇಡಿಯಾಗಿ ನುಂಗುತ್ತಾರೆಯೇ? ತೊಳೆ ಬಿಡಿಸಿಕೊಳ್ಳುತ್ತೇನೆ. ನಿಂತಲ್ಲಿಂದ ಮತ್ತೆ ಹೊರಡಲು ಮೂರು ಗಂಟೆಗೊಮ್ಮೆ ರೀಸ್ಟಾರ್ಟ್ ಫೈಲ್, ಒಂದು ಮುಗಿದರೆ ಇನ್ನೊಂದು ಏಳುವಂತೆ ಸರಪಳಿ, ಮುನ್ನೆಚ್ಚರಿಕೆಗೆ ಅರ್ಧ ಗಂಟೆ ಹೆಚ್ಚು. ತೊಳೆ ತೀರ ಸಣ್ಣದಾದರೆ ಫೈಲ್ ಬರೆಯುವುದರಲ್ಲೇ ಹೊತ್ತು ಹೋಗುತ್ತದೆ. ಈ ಹದ ಹತ್ತಲು ನನಗೆ ಒಂದು ಮಳೆಗಾಲ ಬೇಕಾಯಿತು.

ಜಗಳ ಇರುವುದು 72 ಗಂಟೆಯವರ ಜೊತೆ. ಎರಡು ಗಂಟೆಯ ಕೆಲಸಕ್ಕೆ 72 ಬರೆಯುವ ಮಹಾನುಭಾವರು. ಕೇಳಿದರೆ, "ಇರ್ಲಿ ಬಿಡೋ ಮಾರಾಯ, ಸೇಫ್ಟಿಗೆ." ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ತೂರಿ, "ಸಾಗರದ ತನಕ ನಮ್ದು" ಎಂದು ಗದರಿಸಿ, ಆಯನೂರಿನಲ್ಲೇ ಇಳಿದುಹೋಗುವವರು ಇದೇ ಜಾತಿ. ಹೆಚ್ಚು ಬರೆದವರಿಗೆ ದಂಡವಿಲ್ಲ. ಹತ್ತು ನಿಮಿಷ ಕಡಿಮೆ ಬರೆದ ನನ್ನ ಜಾಬಿನ ಕತ್ತನ್ನು ಮಾತ್ರ ಗಡುವು ಮುಗಿದ ಕೂಡಲೇ ಹಿಸುಕುತ್ತಾರೆ. ಪ್ರಾಮಾಣಿಕನಿಗೆ ನೇಣು, ಬೂಸಿ ಬಿಟ್ಟವನಿಗೆ ಕಿಟಕಿ ಸೀಟು. ಇದು ಯಾವ ಸೀಮೆ ನ್ಯಾಯ?

ಉರಿಗೆ ತುಪ್ಪ ಸುರಿದದ್ದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮುಅಲೆಮ್ ಮತ್ತು ಫೈಟೆಲ್ಸನ್. ಹೊತ್ತಿನ ಅಂದಾಜನ್ನು ಇಮ್ಮಡಿ ಮಾಡಿದರೆ ಬ್ಯಾಕ್‌ಫಿಲ್ ಇನ್ನೂ ಚೆನ್ನಾಗಿ ನಡೆಯುತ್ತದೆಂದು 2001ರಲ್ಲೇ ಲೆಕ್ಕ ಹಾಕಿ ತೋರಿಸಿಬಿಟ್ಟರು! ಟವೆಲ್‌ನವರು ಬೇಗ ಇಳಿದಾಗ ಆಗುವ ಸಂದಿಗಳೇ ನನ್ನಂಥ ಸಣ್ಣವರ ಭಾಗ್ಯವಂತೆ. ಹೌದು, ಆಯನೂರಿನಲ್ಲಿ ಅವರಿಳಿದ ಸೀಟಿನಲ್ಲೇ ಕುಂಸಿಯ ತನಕ ಎಷ್ಟೋ ಸಲ ಕೂತು ಬಂದಿದ್ದೇನೆ. ನಿನ್ನೆಯ ನಾಲ್ಕು ನೋಡ್ ಹೇಗೆ ಖಾಲಿಯಾದವೆಂದು ವಿಚಾರಿಸಲು ಹೋಗಲಿಲ್ಲ.

ಹಲವು ಊರಿನ ಕ್ಲಸ್ಟರುಗಳನ್ನು ಹೆಣೆದು ಗ್ರಿಡ್ ಕಟ್ಟಿದವರಂತೂ ಟವೆಲನ್ನೇ ಶಾಸ್ತ್ರ ಮಾಡಿಕೊಂಡಿದ್ದಾರೆ. ಮುಂಬೈಯ ಟಿಐಎಫ್‌ಆರ್, ಕೋಲ್ಕತ್ತದ ವಿಇಸಿಸಿ ಕೂಡ ಸೇರಿರುವ ಸರ್ನ್ ಪ್ರಯೋಗಾಲಯದ ಗ್ರಿಡ್‌ನಲ್ಲಿ ನಿಜವಾದ ಜಾಬು ಮೊದಲು ಹೊರಡುವುದೇ ಇಲ್ಲ. ಪೈಲಟ್ ಎಂಬ ಬರಿಗೈ ಜಾಬು ಹೋಗಿ ನೋಡ್ ಹಿಡಿದು, ಡಿಸ್ಕು, ಮೆಮೊರಿ, ತಂತ್ರಾಂಶ ಎಲ್ಲ ಸರಿಯಿದೆಯೇ ಎಂದು ತಡವಿ ನೋಡಿ, ಆಮೇಲೆ ಕೂರುವವರನ್ನು ಕರೆಯುತ್ತದೆ. ಸೀಟು ಮುರಿದಿದ್ದರೆ ಬೀಳುವುದು ಟವೆಲ್, ಮನುಷ್ಯನಲ್ಲ. ಈ ಜಾಣ್ಮೆಯನ್ನು ಒಪ್ಪಲೇಬೇಕು. ಮೇಲಾಗಿ, ಕೂರುವವರು ಯಾರೂ ಇಲ್ಲವೆಂದರೆ ಪೈಲಟ್ ಸುಮ್ಮನೆ ಜಾಗ ಬಿಟ್ಟು ಎದ್ದುಹೋಗುತ್ತದೆ.

ಶಿವಮೊಗ್ಗದ ಟವೆಲ್ ಹಾಗೆ ತಾನಾಗಿ ಎದ್ದದ್ದನ್ನು ನಾನಿನ್ನೂ ನೋಡಿಲ್ಲ.