ಘಾಟಿಯ ತಕ್ಕಡಿ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಸೈಕಲ್ಲಿನಲ್ಲಿ ಹೋಗುವವನಿಗೆ ಎದುರಾಳಿಗಳೆಂದರೆ ಗಾಳಿ ಮತ್ತು ಬಿಸಿಲು. ಅಶೋಕನ ಶಾಸನವಿರುವ ಮಸ್ಕಿಯ ಬೆಟ್ಟವೂ ದಾರಿಗೆ ಅಡ್ಡಬಾರದೆ ಪಕ್ಕಕ್ಕೆ ಸರಿದು ನಿಂತಿದೆ. ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತ ಸೈಕಲ್ಲುಗಳನ್ನೇ ಕಂಡು ಬೆಳೆದ ಈ ಸೀಮೆಯ ಹಿರಿಯರಿಗೆ, ಸುಮ್ಮನೆ ಪರ್ವತ ಹತ್ತುವ ಸವಾರರ ಸುದ್ದಿ ವಿಚಿತ್ರವೆನಿಸೀತು. ಆದರೆ ಇದೇ ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ 150ಎ, ಸಿರುಗುಪ್ಪ, ಬಳ್ಳಾರಿ, ಹಿರಿಯೂರುಗಳನ್ನು ದಾಟಿ ಮೈಸೂರು, ನಂಜನಗೂಡುಗಳನ್ನು ಮುಟ್ಟುತ್ತದೆ. ಅಲ್ಲಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ಕಳೆದರೆ ನೀಲಗಿರಿ. ಕನ್ನಡಕ್ಕೆ ಸಮೀಪದ ಬಡಗ ನುಡಿಯ ನಾಡು. ಅಲ್ಲಿ ಮಸಿನಗುಡಿಯಿಂದ ಉದಕಮಂಡಲದ ಕಡೆಗೆ ಏರುವ ಕಲ್ಹಟ್ಟಿ ಘಾಟಿಯಲ್ಲಿ 36 ಹಿಮ್ಮುರಿ ತಿರುವುಗಳಿವೆ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆಯ ಸವಾರರು ಅಂಜುವುದೂ ಹಂಬಲಿಸುವುದೂ ಈ ಏರನ್ನೇ.

ಘಾಟಿಯೆಂಬುದು ಒಂದು ತಕ್ಕಡಿ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಗಿದರೆ, ಆ ಭಾರವನ್ನು 1,000 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 785 ಕಿಲೋಜೂಲ್ ಕೆಲಸ ಬೇಕು. ದೇಹವು ತಾನು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನಷ್ಟೇ ಪೆಡಲಿಗೆ ಕೊಡುವುದರಿಂದ ನಿಜವಾದ ಖರ್ಚು ಅದರ ನಾಲ್ಕು ಪಟ್ಟು, ಎಂದರೆ ಒಂದು ತುಂಬು ಊಟದ ಶಕ್ತಿ. ಗೇರು ಬದಲಿಸಿದರೂ ಏರಿಸಬೇಕಾದ ಭಾರ ಕಡಿಮೆಯಾಗದು; ಕಂತುಗಳು ಸಣ್ಣವಾಗುತ್ತವೆ, ಅಷ್ಟೆ. ಸಾಲದ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲು ಸೋತವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ತಕ್ಕಡಿಗೆ ಅದೂ ಸಮ್ಮತವೇ.

ಈ ತಕ್ಕಡಿಗೆ ಕಳ್ಳತೂಕ ಹಾಕಿದವರೂ ಉಂಟು. ಫ್ರಾನ್ಸಿನ ಪ್ರಸಿದ್ಧ ಪಂದ್ಯ ‘ಟೂರ್ ದ ಫ್ರಾನ್ಸ್’ 2,642 ಮೀಟರ್ ಎತ್ತರದ ಗಾಲಿಬಿಯೆ ಕಣಿವೆದಾರಿಯನ್ನು ಮೊದಲು ಏರಿದ್ದು 1911ರಲ್ಲಿ. ಗೇರು ಬದಲಿಸುವ ಸಾಧನಕ್ಕೆ ಅಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಅಷ್ಟು ಕಟ್ಟುನಿಟ್ಟಿನ ಪಂದ್ಯದೊಳಕ್ಕೂ ಔಷಧದ ಬಲ ನುಸುಳಿತು. 1967ರ ಜುಲೈ 13ರಂದು ಟಾಮ್ ಸಿಂಪ್ಸನ್ ಎಂಬ 29 ವರ್ಷದ ಆಂಗ್ಲ ಸವಾರ ವಾಂತು ಪರ್ವತದ ಶಿಖರಕ್ಕೆ ಸಮೀಪದಲ್ಲಿಯೇ ಕುಸಿದು ಸತ್ತನು. ಬಿಸಿಲು ಸುಡುತ್ತಿತ್ತು, ದೇಹದಲ್ಲಿ ಆಂಫೆಟಮೀನ್ ಎಂಬ ಉತ್ತೇಜಕವಿತ್ತು. ದಣಿವು ದೇಹವು ನುಡಿಯುವ ಸತ್ಯ. ಆ ಔಷಧ ಅದರ ಬಾಯಿ ಮುಚ್ಚಿಸುತ್ತದೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡಿವೆ: ತೂಕದ ಮೋಸ ಮತ್ತು ಕಲಬೆರಕೆ. ಇವು ಅಂಗಡಿಕಾರರಿಗೆ ಮಾತ್ರ ಹೇಳಿದವೆಂದು ತಿಳಿಯುವುದು ವಾಡಿಕೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಅದೇ ಪಂದ್ಯದಲ್ಲಿ ಗೆದ್ದ ಏಳು ಪಟ್ಟಗಳನ್ನು 2012ರಲ್ಲಿ ಹಿಂದಕ್ಕೆ ಪಡೆದರು. ಎರಡನೆಯ ಸ್ಥಾನದವರನ್ನು ಮೇಲೇರಿಸಲಿಲ್ಲ. ಅವರಲ್ಲಿ ಹಲವರಿಗೂ ಅದೇ ಕಳಂಕ ತಗುಲಿತ್ತು. ಹೀಗಾಗಿ ದಾಖಲೆಯಲ್ಲಿ ಆ ಏಳು ವರ್ಷಗಳ ವಿಜೇತರ ಸಾಲು ಖಾಲಿಯಾಗಿ ಉಳಿದಿದೆ. ಏನನ್ನೂ ಮುಟ್ಟದೆ, ಉಂಡ ಅನ್ನದ ಬಲದಿಂದಲೇ ಕಣಿವೆಗಳನ್ನೇರಿ, ಹದಿನೈದನೆಯವನೋ ಇಪ್ಪತ್ತನೆಯವನೋ ಆಗಿ ಗುರಿ ತಲುಪಿದವನ ನಷ್ಟವನ್ನು ಯಾವ ಖಾತೆಗೆ ಬರೆಯಬೇಕೆಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.