ಅರವತ್ತು ನಿಮಿಷದ ರಾಜಕುಮಾರ

ಹೋದ ಬೇಸಿಗೆಯಲ್ಲಿ ಮಗ ಸಂಸಾರ ಸಮೇತ ಸಿಂಗಪುರದಿಂದ ಬಂದು ಹದಿನೈದು ದಿನ ನಮ್ಮ ಮಾಂಬಲದ ಮನೆಯಲ್ಲಿದ್ದ. ಹತ್ತು ವರ್ಷದ ಮೊಮ್ಮಗ ಅಪ್ಪನ ಹಳೆಯ ಟ್ಯಾಬ್ಲೆಟ್ ಹಿಡಿದು ಮೂಲೆಯಲ್ಲಿ ಕೂತವನು ಮಧ್ಯಾಹ್ನ ಎರಡಾದರೂ ಊಟಕ್ಕೆ ಏಳಲೊಲ್ಲ. ಗದರಿಸೋಣವೆಂದು ಹೋಗಿ ಬಗ್ಗಿ ನೋಡಿದರೆ ನಮ್ಮ ಹಳೆಯ ಗುರುತಿನವನೇ, ‘ಪ್ರಿನ್ಸ್ ಆಫ್ ಪರ್ಷಿಯಾ’!

ಅರಿಯದವರಿಗೆ ಎರಡು ಮಾತು. ಸುಲ್ತಾನ ಊರಲ್ಲಿಲ್ಲದ ಸಮಯ ನೋಡಿ ವಜೀರ ಜಾಫರ್ ರಾಜಕುಮಾರಿಯನ್ನು ಸೆರೆಯಲ್ಲಿಟ್ಟು, ಒಂದು ಗಂಟೆಯೊಳಗೆ ತನ್ನನ್ನು ಮದುವೆಯಾಗು, ಇಲ್ಲವೇ ಸಾಯಿ ಎಂದು ಮರಳುಗಡಿಯಾರ ತಿರುಗಿಸಿಡುತ್ತಾನೆ. ನೆಲಮಾಳಿಗೆಯಲ್ಲಿ ಬಿದ್ದ ಹುಡುಗ 60 ನಿಮಿಷದಲ್ಲಿ 12 ಹಂತ ದಾಟಿ ಅವಳನ್ನು ಬಿಡಿಸಬೇಕು. 1989ರಲ್ಲಿ ಇದನ್ನು ಆಪಲ್ 2 ಯಂತ್ರಕ್ಕೆ ಬರೆದವನು ಜೋರ್ಡಾನ್ ಮೆಕ್ನರ್ ಎಂಬ ಅಮೆರಿಕದ ತರುಣ. ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೋ ತೆಗೆದು, ಆ ಚಿತ್ರಗಳನ್ನೇ ತಿದ್ದಿ ರಾಜಕುಮಾರನಿಗೆ ನಡಿಗೆ ಕೊಟ್ಟ. ಸಂಗೀತ ಅವನ ತಂದೆಯದು. ಒಟ್ಟಿನಲ್ಲಿ ಮನೆಮಂದಿಯ ಕೆಲಸ.

ನಮ್ಮಲ್ಲೂ ಅದು ಮನೆಮಂದಿಯ ಆಟವೇ ಆಗಿತ್ತು. 1993ರಲ್ಲಿ, ಊರಿನ್ನೂ ಮದರಾಸಾಗಿದ್ದ ಕಾಲ, ರಿಚಿ ಸ್ಟ್ರೀಟಿನಿಂದ ಫ್ಲಾಪಿಯಲ್ಲಿ ಬಂತು. ಕದ್ದ ಮಾಲೆಂಬುದು ಆಗ ತೋಚಲಿಲ್ಲ; ಮೊದಲ ಹಂತ ಮುಗಿದೊಡನೆ ತೋಚಿತು. ಕೈಪಿಡಿಯ ಇಂಥ ಪುಟದ ಇಂಥ ಪದದ ಮೊದಲಕ್ಷರ ಯಾವುದೋ ಆ ಸೀಸೆಯ ಔಷಧಿ ಕುಡಿ ಎಂದಿತು ಯಂತ್ರ. ಕೈಪಿಡಿ ನಮಗೆಲ್ಲಿಂದ ಬರಬೇಕು? ಊಹಿಸಿ ಕುಡಿದು ಸತ್ತದ್ದಕ್ಕೆ ಲೆಕ್ಕವಿಲ್ಲ.

ಮಗನ ಬೆರಳು ಕೀಲಿಗಳ ಮೇಲೆ, ನಾವಿಬ್ಬರೂ ಬೆನ್ನ ಹಿಂದೆ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು, ನಮ್ಮೊಡನೆಯೂ ಅರ್ಧರ್ಧ ಮಾತಾಡುತ್ತಿದ್ದ ಹುಡುಗ ಆ ಒಂದು ಗಂಟೆ ಅಚ್ಚ ಕನ್ನಡದಲ್ಲಿ ಅರಚುತ್ತಿದ್ದ. “ಹಾರೋ! ಹಿಂದಕ್ಕೆ ಬಾರೋ! ಅಯ್ಯೋ, ಬಿದ್ದ!” ಎಂಬ ಗಲಾಟೆ ಕೇಳಿ ಎದುರುಮನೆಯ ಮಾಮಿ ಏನೋ ಅನಾಹುತವೆಂದು ಓಡಿಬಂದದ್ದೂ ಉಂಟು.

ಕೊನೆಗೆ 12ನೆಯ ಹಂತದಲ್ಲಿ ನಿಂತುಹೋದೆವು. ಅಲ್ಲಿ ಎದುರಾಗುವವನು, ಹಿಂದೆ ಕನ್ನಡಿಯಿಂದ ಹೊರಬಿದ್ದ ರಾಜಕುಮಾರನದೇ ನೆರಳು. ಅವನಿಗೆ ಹಾಕಿದ ಒಂದೊಂದು ಏಟೂ ನಮಗೇ ತಾಕುತ್ತದೆ. ಮಗ ಇರಿದ, ಸತ್ತ; ಮತ್ತೆ ಇರಿದ, ಮತ್ತೆ ಸತ್ತ. ಅಷ್ಟರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂತು. ನಾವು ಕೀಬೋರ್ಡು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಹುಡುಗ ಒಂದು ಮಾತೂ ಆಡಲಿಲ್ಲ. ಪರೀಕ್ಷೆಯಾದ ಮೇಲೆ ಕೊಟ್ಟರೂ ಮುಟ್ಟಲಿಲ್ಲ. ಆ ಸಂಜೆಯ ಕನ್ನಡವೂ ಅಲ್ಲಿಗೆ ನಿಂತಿತು. ಅಂಕ ಚೆನ್ನಾಗಿ ಬಂದವು. ನಾವು ಮಾಡಿದ್ದು ಸರಿ ಎಂದು ವರ್ಷಗಟ್ಟಲೆ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಮೊಮ್ಮಗ ಆಡುತ್ತಿದ್ದದ್ದು ಯೂಬಿಸಾಫ್ಟ್‌ನವರು 2007ರಲ್ಲಿ ಹೊಸ ರೂಪದಲ್ಲಿ ಪ್ರಕಟಿಸಿ, ಮುಂದೆ ಮೊಬೈಲಿಗೂ ತಂದದ್ದು. ಅದೇ ನೆಲಮಾಳಿಗೆ, ಅದೇ ಕುಸಿಯುವ ಹಾಸುಗಲ್ಲು. ಆದರೆ ಗೋಡೆಗೆ ಬೆಳಕು ನೆರಳು ಬಂದಿದೆ. ಬಿಳಿ ಪೈಜಾಮದ ನಮ್ಮ ಬಡಪಾಯಿ ಠೀವಿಯ ಉಡುಪು ತೊಟ್ಟು, ಉರುಳಿ, ಗೋಡೆ ಒದ್ದು ನೆಗೆಯುತ್ತಾನೆ. ಚೆಂದವೇ. ಆದರೂ ಹಳಬ ಅಂಚಿನಲ್ಲಿ ತಡವರಿಸಿ ನಿಂತಾಗ ಹೊಟ್ಟೆಯೊಳಗೆ ಆಗುತ್ತಿದ್ದ ಝಲ್ಲು ಇವನಿಂದ ಆಗಲಿಲ್ಲ. ನಮಗೆ ವಯಸ್ಸಾಗಿರಲೂಬಹುದು.

ಊಟ ಮರೆತು ನಾವೂ ಕೂತೆವು. ನಾಲ್ಕನೆಯ ದಿನ ನೆರಳು ಬಂತು. ಹುಡುಗ ಇರಿದ, ಸತ್ತ. “ತಾತ, ವಾಟ್ ಟು ಡೂ?” ಎಂದ. ನಮಗೇನು ಗೊತ್ತು!

ಬಾಗಿಲಲ್ಲಿ ನಿಂತಿದ್ದ ಮಗ ಮೆಲ್ಲಗೆ ಹೇಳಿದ: “ಹೊಡೀಬೇಡ ಕಣೋ. ಕತ್ತಿ ಒಳಗಿಡು. ಸುಮ್ಮನೆ ಅವನ ಹತ್ತಿರ ಹೋಗು.”

ಹೋದ. ನೆರಳೂ ರಾಜಕುಮಾರನೂ ಒಂದಾದರು.

“ನಿನಗೆ ಹೇಗೋ ಗೊತ್ತು?” ಎಂದೆವು ಇಬ್ಬರೂ.

“ನೀವು ಬೀಗ ಹಾಕಿದ ವಾರವೇ ತಿರುವಲ್ಲಿಕ್ಕೇಣಿಯಲ್ಲಿ ಗೆಳೆಯನ ಮನೇಲಿ ಮುಗಿಸಿದೆ. ಮನೇಗೆ ಬಂದು ಹೇಳೋಣ ಅಂತ ಬಹಳ ಆಸೆಯಿತ್ತಮ್ಮ. ಬೈತೀರಿ ಅಂತ ಸುಮ್ಮನಾದೆ.”

ಮೊಮ್ಮಗ “ಹಾರೋ, ಹಾರೋ” ಎನ್ನುವುದನ್ನು ಯಾವಾಗ ಕಲಿತನೋ, ಆಗಲೇ ಮುಂದಿನ ಕೋಣೆಗೆ ನುಗ್ಗಿದ್ದ.