ಹೆಂಚಿನ ನಾದ

ಹೆಂಚು ಕೊಳ್ಳಲು ಹೋದ ಅನುಭವಸ್ಥರು ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಒಂದನ್ನು ಕೈಗೆತ್ತಿಕೊಂಡು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಆಲಿಸುತ್ತಾರೆ. ಹದವಾಗಿ ಬೆಂದ ಹೆಂಚು ಲೋಹದಂತೆ ‘ಠಣ್’ ಎನ್ನುತ್ತದೆ. ಆ ದನಿ ಒಡನೆಯೇ ಅಡಗದೆ ಕ್ಷಣಕಾಲ ಅನುರಣಿಸುತ್ತದೆ. ಅರೆಬೆಂದದ್ದು, ಒಳಗೆ ಬಿರುಕುಬಿಟ್ಟದ್ದು ಮಂಕಾದ ಸದ್ದು ಮಾಡಿ ಸುಮ್ಮನಾಗುತ್ತದೆ. ಗಡಿಗೆ ಆರಿಸುವ ಗೃಹಿಣಿಯ ಪರೀಕ್ಷೆಯೂ ಇದೇ.

ಮಂಗಳೂರಿಗೆ ಈ ನಾದ ಬಹುಕಾಲದ ಪರಿಚಯ. ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ ದುಡಿದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬಾತ ಇಲ್ಲಿನ ಜೇಡಿಮಣ್ಣಿನ ಗುಣವನ್ನು ಕಂಡುಕೊಂಡ. 1865ರಲ್ಲಿ ನೇತ್ರಾವತಿಯ ಸಮೀಪದ ಜೆಪ್ಪುವಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ತಲೆಯೆತ್ತಿತು. ಮೂರು ವರ್ಷಗಳ ತರುವಾಯ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಹುಟ್ಟಿತು. ನದಿಯ ಮೇಲೆ ದೋಣಿಗಳಲ್ಲಿ ಮಣ್ಣೂ ಸೌದೆಯೂ ಬಂದವು. ಹೆಂಚುಗಳು ಹಡಗೇರಿ ಹೊರದೇಶಗಳಿಗೆ ಹೋದವು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾದ ಮಳೆಯನ್ನು ತಡೆದು ನಿಂತ ಮಾಡುಗಳೇ ಅವುಗಳ ಯೋಗ್ಯತಾಪತ್ರ. ಆದರೆ ಕಾಂಕ್ರೀಟಿನ ತಾರಸಿಗಳು ಬಂದವು, ಸೌದೆಯೂ ಮಣ್ಣೂ ದುಬಾರಿಯಾದವು. ಒಂದೊಂದಾಗಿ ಚಿಮಣಿಗಳು ತಣ್ಣಗಾದವು. ಉರಿಯ ಬಣ್ಣವನ್ನು ನೋಡಿಯೇ ಆವಿಗೆಯ ಕಾವನ್ನು ಅಳೆಯಬಲ್ಲ ಕುಶಲಿಗಳು ಕೆಲಸ ಕಳೆದುಕೊಂಡರು.

ಇಷ್ಟರಿಂದ ಸುಟ್ಟ ಮಣ್ಣಿನ ಯುಗ ಮುಗಿಯಿತೆಂದು ಬಗೆದರೆ ಅದು ತಪ್ಪಾದೀತು. ಕೆಲಸ ಕಳೆದುಕೊಂಡವನ ಜೇಬಿನ ಮೊಬೈಲ್ ದೂರವಾಣಿಯಲ್ಲಿಯೇ ನೂರಾರು ಪಿಂಗಾಣಿಯ ತುಣುಕುಗಳಿವೆ. ಸಾಸಿವೆಗಿಂತಲೂ ಸಣ್ಣವಾದ ಇವು ವಿದ್ಯುತ್ತನ್ನು ತಮ್ಮ ಮೂಲಕ ಹರಿಯಗೊಡುವುದಿಲ್ಲ. ಆದರೆ ವಿದ್ಯುತ್ ಕ್ಷೇತ್ರಕ್ಕೆ ಮಣಿದು, ಅದರ ಶಕ್ತಿಯನ್ನು ತಮ್ಮಲ್ಲಿ ಹಿಡಿದಿಡುತ್ತವೆ. ಇಂಥ ವಸ್ತುಗಳಿಗೆ ವಿಜ್ಞಾನಿಗಳು ಡೈಎಲೆಕ್ಟ್ರಿಕ್ ಎಂದು ಹೆಸರಿಟ್ಟಿದ್ದಾರೆ.

ಇವುಗಳಲ್ಲಿ ಕೆಲವಕ್ಕೆ ಹೆಂಚಿನಂತೆಯೇ ನಾದವೂ ಉಂಟು. ಆದರೆ ಅದು ಕಿವಿಗೆ ಕೇಳುವಂಥದಲ್ಲ. ಪಿಂಗಾಣಿಯ ಬಿಲ್ಲೆಯೊಂದನ್ನು ರೇಡಿಯೊ ಅಲೆ ತಟ್ಟಿದಾಗ ಅದು ತನಗೊಪ್ಪುವ ಒಂದೇ ಆವರ್ತಾಂಕಕ್ಕೆ ಓಗೊಟ್ಟು ಸಾವಿರಾರು ಬಾರಿ ಕಂಪಿಸುತ್ತದೆ. ಹೀಗಾಗುವುದು ಸಾಧ್ಯವೆಂದು 1939ರಲ್ಲಿ ಅಮೆರಿಕದ ರಿಕ್ಟ್‌ಮೆಯರ್ ಗಣಿತದಿಂದ ತೋರಿಸಿದ. ಆಕಾಶದಲ್ಲಿ ಗಿಜಿಗುಡುವ ನೂರಾರು ಸಂಕೇತಗಳಲ್ಲಿ ತನಗೆ ಬೇಕಾದುದನ್ನಷ್ಟೇ ಆರಿಸಿಕೊಳ್ಳಲು ದೂರವಾಣಿಯ ಗೋಪುರಕ್ಕೆ ನೆರವಾಗುವುದು ಈ ಅನುರಣನೆಯೇ.

ಇನ್ನೊಂದು ಸೋಜಿಗವಿದೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಬಯಲಿನಲ್ಲಿ ಸುಮಾರು 33 ಸೆಂಟಿಮೀಟರು. ಅದೇ ಅಲೆ, ಡೈಎಲೆಕ್ಟ್ರಿಕ್ ಅಂಕ 36 ಇರುವ ಪಿಂಗಾಣಿಯನ್ನು ಹೊಕ್ಕರೆ, ಆ ಅಂಕದ ವರ್ಗಮೂಲದಷ್ಟು, ಅಂದರೆ ಆರು ಪಟ್ಟು ಕುಗ್ಗಿ ಐದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಅದರ ಕಾಲುಭಾಗದಷ್ಟು ಉದ್ದದ ತುಂಡಿನಲ್ಲಿಯೂ ಅನುರಣನೆಯನ್ನು ಪಡೆಯಬಹುದು. ದೂರವಾಣಿಯು ಅಂಗೈಗೆ ಇಳಿದುಬಂದುದರ ಗುಟ್ಟುಗಳಲ್ಲಿ ಇದೂ ಒಂದು.

ಇದನ್ನು ಪಳಗಿಸುವುದು ಸುಲಭವಾಗಿರಲಿಲ್ಲ. ಟೈಟಾನಿಯಮ್ ಡೈಆಕ್ಸೈಡಿನ ಅಂಕ ನೂರರ ಆಸುಪಾಸಿನಲ್ಲಿದ್ದರೂ ಬಿಸಿಲೇರಿದಂತೆ ಅದರ ಸ್ವರ ಕದಲುತ್ತಿತ್ತು. ಹಗಲಿನ ಸ್ವರ ಇರುಳಿಗೆ ಬೇರೆಯಾದರೆ ಒಬ್ಬರ ಮಾತಿನ ಹಾದಿಗೆ ಮತ್ತೊಬ್ಬರ ಮಾತು ನುಗ್ಗೀತು! 1970ರ ದಶಕದಲ್ಲಿ ಬೇರಿಯಮ್ಮನ್ನು ಬೆರೆಸಿ ಸುಟ್ಟ ಪಿಂಗಾಣಿಗಳು ಈ ಚಾಂಚಲ್ಯವನ್ನು ಬಹುಮಟ್ಟಿಗೆ ನೀಗಿದವು. ಶುದ್ಧಿಯ ವಿಷಯದಲ್ಲಂತೂ ಇವು ಮಹಾ ಮಡಿವಂತ ವಸ್ತುಗಳು. ಮಂಗಳೂರು ಹೆಂಚಿಗೆ ಚೆಲುವಾದ ಕೆಂಪನ್ನು ಕೊಡುವ ಕಬ್ಬಿಣದ ಅಂಶ ಇಲ್ಲಿ ಬೆರೆತರೆ ಅದು ಕಳಂಕವೇ ಸರಿ. ಹೆಂಚಿನಲ್ಲಿ ಕಿರುರಂಧ್ರಗಳಿದ್ದು ತುಸು ನೀರು ಹೀರಿದರೆ ಯಾರೂ ದೂರುವುದಿಲ್ಲ. ಈ ಬಿಲ್ಲೆಯ ರಂಧ್ರದಲ್ಲಿ ತೇವ ನಿಂತರೆ ಅದರ ನಾದವೇ ಕೆಡುತ್ತದೆ, ಏಕೆಂದರೆ ನೀರಿನ ಅಂಕ 80.

ಈ ವಿದ್ಯೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಪಡುವಣ ಕರಾವಳಿಯ ತಿರುವನಂತಪುರದ ಪ್ರಯೋಗಶಾಲೆಯಲ್ಲಿ ಎಂ. ಟಿ. ಸೆಬಾಸ್ಟಿಯನ್ ಮತ್ತು ಸಂಗಡಿಗರು ಇಂಥ ಪಿಂಗಾಣಿಗಳನ್ನು ದಶಕಗಳ ಕಾಲ ಶೋಧಿಸಿದರು. 2008ರಲ್ಲಿ ಅವರು ಪ್ರಕಟಿಸಿದ ಗ್ರಂಥವನ್ನು ಹೊರದೇಶದ ವಿದ್ವಾಂಸರೂ ಆಧರಿಸುತ್ತಾರೆ. ಟೈಟಾನಿಯಮ್ಮಿನ ಅದಿರಾದ ಇಲ್ಮನೈಟು ಕೇರಳದ ಕಡಲತಡಿಯ ಕರಿಮರಳಿನಲ್ಲಿಯೇ ದೊರೆಯುತ್ತದೆ. ಸುರತ್ಕಲ್ಲಿನಲ್ಲಿ 1960ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿದ್ದು, ಅಲ್ಲಿ ವಸ್ತುವಿಜ್ಞಾನವನ್ನು ಕಲಿಸುವ ವಿಭಾಗವಿದೆ. ಹೀಗೆ ಮರಳೂ ಉಂಟು, ವಿದ್ಯೆಯೂ ಉಂಟು, ಮಣ್ಣನ್ನು ಬೇಯಿಸಿದ ಒಂದೂವರೆ ಶತಮಾನದ ಪಳಗಿಕೆಯೂ ಉಂಟು. ಆದರೂ ನಮ್ಮ ದೂರವಾಣಿಗಳೊಳಗಿನ ಪಿಂಗಾಣಿಯ ತುಣುಕುಗಳ ಬಹುಪಾಲು ಜಪಾನ್, ಕೊರಿಯ, ತೈವಾನ್, ಚೀನಗಳ ಕುಲುಮೆಗಳಿಂದ ಬರುತ್ತಿದೆ.